ಶಿವಮೊಗ್ಗದಲ್ಲಿ ಮನೆ ಮಾರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುತ್ತಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಬೆಂಚಿನ ಮೇಲೆ ಕೂತು ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕಷ್ಟ ಏನೆಂದರೆ, ಅವರು ಕೇಳುವ ಹೊತ್ತಿಗೆ ಅಡ್ವಾನ್ಸ್ ಖರ್ಚಾಗಿರುತ್ತದೆ, ದಲ್ಲಾಳಿ ಎದುರಿಗೇ ನಿಂತಿರುತ್ತಾನೆ. ಸ್ವಲ್ಪ ಮುಂಚೆ ಓದಿಕೊಂಡು ಬರಲಿ ಎಂದು ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರದೇ ಮಾತಿನಲ್ಲಿವೆ.

ಬ್ರೋಕರ್ ಬೇಕೇ ಬೇಕಾ? ನಾವೇ ಮಾರಬಾರದಾ?

ಮಾರಬಹುದು. ವಿನೋಬನಗರ, ರವೀಂದ್ರನಗರ, ಗೋಪಾಳದಂಥ ಕಡೆ ಮನೆ ಇದ್ದು, ನೀವು ಊರಲ್ಲೇ ಇದ್ದರೆ, ಗೇಟಿಗೆ ಒಂದು ಬೋರ್ಡು ನೇತುಹಾಕಿದರೂ ಜನ ಬರುತ್ತಾರೆ. ಪಕ್ಕದ ಮನೆಯವರನ್ನು ಮೊದಲು ಕೇಳಿ ನೋಡಿ. ಮಗನಿಗೋ ಮಗಳಿಗೋ ಹತ್ತಿರದಲ್ಲೇ ಇರಲಿ ಎಂದು ಅಕ್ಕಪಕ್ಕದವರು ಹೊರಗಿನವರಿಗಿಂತ ಎರಡು ಕಾಸು ಹೆಚ್ಚು ಕೊಟ್ಟದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ನೀವು ಬೆಂಗಳೂರಿನಲ್ಲಿದ್ದು ಮನೆ ಇಲ್ಲಿದ್ದರೆ ಮಾತು ಬೇರೆ. ಬೀಗ ತೆಗೆದು ತೋರಿಸಲು, ಬಂದವರಲ್ಲಿ ಕೊಳ್ಳುವವರು ಯಾರು, ಸುಮ್ಮನೆ ನೋಡಿ ಹೋಗುವವರು ಯಾರು ಎಂದು ಜರಡಿ ಹಿಡಿಯಲು ಒಬ್ಬರು ಬೇಕು. ಒಳ್ಳೆಯ ದಲ್ಲಾಳಿ ಆ ಕಮಿಷನ್ನನ್ನು ನ್ಯಾಯವಾಗಿಯೇ ಗಳಿಸುತ್ತಾನೆ. ನನಗೆ ಗೊತ್ತಿರುವ ಒಬ್ಬರು ಸ್ಕೂಟರಿನ ಡಿಕ್ಕಿಯಲ್ಲಿ ಐವತ್ತು ಅಡಿಯ ಟೇಪು ಇಟ್ಟುಕೊಂಡೇ ಓಡಾಡುತ್ತಾರೆ. ಪತ್ರದಲ್ಲಿ 40ಕ್ಕೆ 60 ಎಂದಿದ್ದರೂ ತಾವೇ ಅಳೆಯದೆ ಯಾರಿಗೂ ತೋರಿಸುವುದಿಲ್ಲ. ಒಂದು ಸಲ ಹಿಂದಿನ ಗೋಡೆ ಕನ್ಸರ್ವೆನ್ಸಿಗೆ (ಮನೆಗಳ ಹಿಂದಿನ ಓಣಿಗೆ) ಎರಡೂವರೆ ಅಡಿ ಮುಂದೆ ಹೋಗಿದ್ದು ಸಿಕ್ಕಿದ್ದು ಆ ಟೇಪಿನಿಂದಲೇ.

ನಂಬಿಕಸ್ಥ ದಲ್ಲಾಳಿ ಅಂತ ಗುರುತು ಹಿಡಿಯೋದು ಹೇಗೆ?

ಮೊದಲ ಭೇಟಿಯಲ್ಲಿ ಅವನು ಏನು ಕೇಳುತ್ತಾನೆ ಎಂಬುದನ್ನು ಗಮನಿಸಿ. "ಖಾತೆ ಯಾರ ಹೆಸರಲ್ಲಿದೆ? ಇಸಿ (ಋಣಭಾರ ಪತ್ರ) ತೆಗೆಸಿದ್ದೀರಾ? ಅಕ್ಕತಂಗಿಯರು ಎಷ್ಟು ಜನ?" ಎಂದು ಕೇಳಿದರೆ ಆ ಮನುಷ್ಯನಿಗೆ ಒಂದು ಕಪ್ ಕಾಫಿ ಕೊಡಿ. "ಪಾರ್ಟಿ ರೆಡಿ ಇದೆ, ರೇಟ್ ಹೇಳಿ, ನಾಳೆನೇ ಅಡ್ವಾನ್ಸ್" ಎಂದರೆ ಬಾಗಿಲಿಂದಲೇ ಕಳಿಸಿ. ನಿಮ್ಮ ಕಾಗದ ನೋಡದ ದಲ್ಲಾಳಿಗೆ ಎಂಥ ಪಾರ್ಟಿಯೂ ಇರುವುದಿಲ್ಲ, ನಿಮ್ಮ ಬಾಯಿಂದ ಬೆಲೆ ಹೊರಡಿಸಿ ಆಮೇಲೆ ಪಾರ್ಟಿ ಹುಡುಕುತ್ತಾನೆ ಅಷ್ಟೆ.

ಎರಡನೆಯದು, ಕಳೆದ ಒಂದೆರಡು ವರ್ಷದಲ್ಲಿ ಅವನು ಮಾಡಿಸಿದ ಎರಡು ವ್ಯವಹಾರ ಕೇಳಿ, ಆ ಮನೆ *ಮಾರಿದವರ* ಹತ್ತಿರ ಹೋಗಿ ಮಾತಾಡಿ. ಕೊಂಡವರ ಹತ್ತಿರ ಹೋಗಬೇಡಿ, ಹೊಸ ಮನೆ ಸಿಕ್ಕ ಖುಷಿಯಲ್ಲಿ ಅವರು ಎಲ್ಲರನ್ನೂ ಹೊಗಳುತ್ತಾರೆ. ಮಾರಿದವರಿಗೆ ಕೇಳಬೇಕಾದ್ದು ಒಂದೇ: "ಕೊಂಡವರನ್ನು ನೀವು ನೇರವಾಗಿ ನೋಡಿದ್ದು ಯಾವತ್ತು?" ನೋಂದಣಿ ದಿನವೇ ಮೊದಲ ಸಲ ಮುಖ ನೋಡಿದ್ದು ಎಂದರೆ ಏನೋ ಇದೆ.

ಮೂರನೆಯದು, ನಿಮ್ಮ ಮೂಲ ಪತ್ರ ಕೇಳುವವನಿಗೆ ಕೊಡಬೇಡಿ. ಜೆರಾಕ್ಸ್ ಸಾಕು, ಅದರ ಮೇಲೂ "ಮಾರಾಟದ ಪರಿಶೀಲನೆಗೆ ಮಾತ್ರ" ಎಂದು ಅಡ್ಡ ಬರೆದು ತಾರೀಕು ಹಾಕಿ. ಇದಕ್ಕೆ ಮುಖ ಗಂಟಿಕ್ಕಿಕೊಳ್ಳುವವನ ಸಹವಾಸವೇ ಬೇಡ.

ನೆಂಟರಲ್ಲೇ ಒಬ್ಬರು ಬ್ರೋಕರ್ ಇದ್ದರೆ? ಅಯ್ಯೋ ಮಾರಾಯ್ರೆ, ಅದು ಇನ್ನೂ ಕಷ್ಟ. ಬೇರೆಯವನಾದರೆ ಲೆಕ್ಕ ಕೇಳಬಹುದು, ಭಾವನನ್ನು ಹೇಗೆ ಕೇಳುತ್ತೀರಿ?

ರೇರಾ ನೋಂದಣಿ ಇದೆಯಾ ಅಂತ ಕೇಳಬೇಕಾ?

ಕೇಳಿ, ಆದರೆ ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ತಿಳಿದಿರಿ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ ಪ್ರಕಾರ ಬಿಲ್ಡರುಗಳು, ಬಡಾವಣೆ ಮಾಡುವವರು ಮಾರುವ ಸೈಟು, ಫ್ಲಾಟುಗಳ ವ್ಯವಹಾರ ಕುದುರಿಸುವ ಏಜೆಂಟರು ನೋಂದಾಯಿಸಿಕೊಳ್ಳಲೇಬೇಕು. ನಿಮ್ಮ ಅಪ್ಪ ಕಟ್ಟಿಸಿದ ಹಳೇ ಮನೆಯನ್ನು ನೀವು ಇನ್ನೊಬ್ಬರಿಗೆ ಮಾರುವಾಗ ಆ ಕಡ್ಡಾಯ ಇಲ್ಲ. ಹಾಗಾಗಿ ನೋಂದಣಿ ಇಲ್ಲದವರೆಲ್ಲ ಮೋಸಗಾರರಲ್ಲ. ಇದ್ದರೆ ಮಾತ್ರ ಒಂದು ಅನುಕೂಲ: ಹೆಸರು, ವಿಳಾಸ ಕರ್ನಾಟಕ ರೇರಾದ ಜಾಲತಾಣದಲ್ಲಿ ಸಿಗುತ್ತದೆ, ರಾತ್ರೋರಾತ್ರಿ ಸಿಮ್ ಬದಲಾಯಿಸಿ ಮಾಯವಾಗುವುದು ಅಷ್ಟು ಸುಲಭವಲ್ಲ. "ರೇರಾ ಇದೆ ಸಾರ್" ಎಂದು ಬಾಯಲ್ಲಿ ಹೇಳಿದರೆ ಸಾಲದು, ಜಾಲತಾಣದಲ್ಲಿ ಹೆಸರು ಹಾಕಿ ನೀವೇ ನೋಡಿ.

ಕಮಿಷನ್ ಎಷ್ಟು ಕೊಡಬೇಕು, ಯಾವಾಗ?

ನಮ್ಮ ಕಡೆ ರೂಢಿ ಶೇ 1ರಿಂದ 2. ಸಾಮಾನ್ಯವಾಗಿ ಎರಡೂ ಕಡೆಯಿಂದ ತಗೊಳ್ಳುತ್ತಾರೆ. ಅದನ್ನು ಮುಚ್ಚುಮರೆ ಇಲ್ಲದೆ ಹೇಳಿದರೆ ತಪ್ಪೇನಿಲ್ಲ. ಅಗ್ರಿಮೆಂಟಿನ ದಿನ ಕಾಲು ಭಾಗಕ್ಕಿಂತ ಹೆಚ್ಚು ಕೊಡಬೇಡಿ. ಉಳಿದದ್ದು ನೋಂದಣಿ ಮುಗಿದು ದುಡ್ಡು ಖಾತೆಗೆ ಬಂದ ಮೇಲೆ. ಕಮಿಷನ್ನನ್ನೂ ಬ್ಯಾಂಕಿನ ಮೂಲಕವೇ ಕೊಡಿ, ನಾಳೆ ತೆರಿಗೆ ಲೆಕ್ಕದಲ್ಲಿ ಮಾರಾಟದ ಖರ್ಚು ಎಂದು ತೋರಿಸಲು ಬೇಕಾಗುತ್ತದೆ.

"ನಿಮಗೆ ಇಷ್ಟು ಕೈಗೆ ಬಂದ್ರೆ ಸಾಕಲ್ಲ? ಮೇಲಿನದ್ದು ನಾನು ನೋಡ್ಕೋತೀನಿ, ಕಮಿಷನ್ನೇ ಬೇಡ" ಅಂತಾರೆ. ಒಪ್ಪಬಹುದಾ?

ನಾನು ಒಪ್ಪಿದ್ದೆ. ಪತ್ರ ಬರೆಯುವವನಿಗೇ ಟೋಪಿ ಬಿದ್ದ ಕಥೆ ಇದು, ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ.

ಹೊಸನಗರ ತಾಲ್ಲೂಕಿನಲ್ಲಿ ನಮ್ಮದೊಂದು ಹಂಚಿನ ಮನೆ ಇತ್ತು. ಅಪ್ಪ ಹೋದ ಮೇಲೆ ಅಲ್ಲಿ ದೀಪ ಹಚ್ಚುವವರಿರಲಿಲ್ಲ. ಪರಿಚಯದ ದಲ್ಲಾಳಿಯೊಬ್ಬ ಬಂದು, "ಅಣ್ಣಾ, ಕಮಿಷನ್ ಮಾತೇ ಬೇಡ. ನಿಮಗೆ ಹದಿನೆಂಟು ಲಕ್ಷ ಕೊಡಿಸ್ತೀನಿ" ಎಂದ. ನನ್ನ ಲೆಕ್ಕವೂ ಅಷ್ಟೇ ಇತ್ತು, ಹ್ಞೂಂ ಎಂದೆ. ಕೊಂಡವರನ್ನು ನೋಡಬೇಕೆಂದರೆ "ಅವ್ರು ಮೈಸೂರಲ್ಲಿರ್ತಾರೆ, ಬಿಡುವಿಲ್ಲ" ಎನ್ನುತ್ತಿದ್ದ. ನೋಂದಣಿ ದಿನ ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡು ಎಲ್ಲರೂ ಹೋದೆವು. ಮೂರು ತಿಂಗಳ ಮೇಲೆ ಆ ಮನೆಯವರು ಗೃಹಪ್ರವೇಶಕ್ಕೆ ಕರೆದಿದ್ದರು. ಊಟಕ್ಕೆ ಕೂತಾಗ ಆ ಯಜಮಾನರು ಪಾಯಸ ಬಡಿಸುತ್ತಾ, "ಇಪ್ಪತ್ಮೂರು ಅಂದಾಗ ಸ್ವಲ್ಪ ಜಾಸ್ತಿ ಅನ್ನಿಸ್ತು, ಆದ್ರೆ ನೀವು ಒಂದು ರೂಪಾಯಿನೂ ಇಳಿಯಲ್ಲ ಅಂದ್ರಂತಲ್ಲ" ಎಂದರು. ಪಾಯಸ ಗಂಟಲಲ್ಲೇ ನಿಂತಿತು. ಐದು ಲಕ್ಷ ನಗದಾಗಿ ದಲ್ಲಾಳಿಯ ಕೈಗೆ ಹೋಗಿತ್ತು. ನನ್ನ ಹೆಸರಲ್ಲಿ ಅವನೇ ಹಟ ಹಿಡಿದಿದ್ದ.

ಶೇ 2ರ ಲೆಕ್ಕದಲ್ಲಿ ಅವನಿಗೆ ಸಲ್ಲಬೇಕಾದ್ದು ಐವತ್ತು ಸಾವಿರದ ಒಳಗೆ. ಕಮಿಷನ್ ಬೇಡ ಎನ್ನುವ ದಲ್ಲಾಳಿ ಎಲ್ಲರಿಗಿಂತ ದುಬಾರಿ. ಈ ಪದ್ಧತಿಯಲ್ಲಿ ಅವನಿಗೆ ನಿಮ್ಮ ಬೆಲೆ ತಗ್ಗಿಸಿದಷ್ಟೂ ಲಾಭ, ನೀವೂ ಕೊಳ್ಳುವವರೂ ಭೇಟಿಯಾಗದಷ್ಟೂ ಲಾಭ. ಆದ್ದರಿಂದ ಅಗ್ರಿಮೆಂಟಿಗೆ ಮುಂಚೆ ಒಮ್ಮೆಯಾದರೂ ಕೊಳ್ಳುವವರ ಎದುರು ಕೂತು, ಬೆಲೆಯ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಹೇಳಿ.

ಒಬ್ಬನಿಗೇ ವಹಿಸಬೇಕಾ, ನಾಲ್ಕು ಜನಕ್ಕೆ ಹೇಳಬೇಕಾ?

ನಾಲ್ಕು ಜನಕ್ಕೆ ಹೇಳಿದರೆ ಒಂದೇ ಮನೆಗೆ ಊರಲ್ಲಿ ನಾಲ್ಕು ಬೆಲೆ ಹುಟ್ಟುತ್ತದೆ. ಕೊಳ್ಳುವವನು ಅದರಲ್ಲಿ ಕಡಿಮೆಯದ್ದನ್ನು ಹಿಡಿದುಕೊಂಡು ಬರುತ್ತಾನೆ. ಒಬ್ಬರಿಗೆ ಎರಡು ತಿಂಗಳು ಎಂದು ಬರೆದು ಕೊಡಿ. ಆಗಲಿಲ್ಲವಾ, ಇನ್ನೊಬ್ಬರು. "ಮಾರಾಟವಾಗುವ ತನಕ" ಎಂದು ಮಾತ್ರ ಬರೆಯಬೇಡಿ.

ಬೆಲೆ ಎಷ್ಟು ಹೇಳಬೇಕು ಅಂತ ಗೊತ್ತಾಗೋದು ಹೇಗೆ?

ಮಾರ್ಗಸೂಚಿ ದರ ಎಂದು ಸರ್ಕಾರದ್ದೊಂದಿದೆ, ಬೀದಿ ಬೀದಿಗೂ ಬೇರೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದು ತಳ. ಅದಕ್ಕಿಂತ ತೀರಾ ಕೆಳಗೆ ಪತ್ರ ಮಾಡಿದರೆ ನೋಂದಣಿ ಶುಲ್ಕವೂ ನಿಮ್ಮ ತೆರಿಗೆಯೂ ಮಾರ್ಗಸೂಚಿ ದರದ ಮೇಲೇ ಲೆಕ್ಕವಾಗುತ್ತದೆ. ಪೇಟೆ ದರ ತಿಳಿಯಲು ನಿಮ್ಮದೇ ಬೀದಿಯಲ್ಲಿ ಒಂದು ವರ್ಷದಲ್ಲಿ ಮಾರಾಟವಾದದ್ದು ಯಾವುದು ಎಂದು ಕೇಳಿ, ಪೋಸ್ಟ್‌ಮ್ಯಾನ್‌ಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.

ಮನೆಗೂ ಜಾಗಕ್ಕೂ ಬೇರೆ ಬೇರೆ ಬೆಲೆ ಕಟ್ಟಿ. ಮೂವತ್ತು ವರ್ಷದ ಮನೆಗೆ ಕೊಳ್ಳುವವನು ಕೊಡುವುದು ಹೆಚ್ಚಾಗಿ ಜಾಗದ ಬೆಲೆ. "ಸಾಗುವಾನಿ ಬಾಗಿಲು, ಅಪ್ಪ ನಿಂತು ಕೆತ್ತಿಸಿದ್ದು" ಎಂದರೆ ಅವನು ತಲೆಯಾಡಿಸುತ್ತಾನೆ, ಬೆಲೆ ಏರಿಸುವುದಿಲ್ಲ. ಇನ್ನೊಂದು, 2023ರ ಫೆಬ್ರುವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದಾಗಿನಿಂದ ಊರ ಯಾವ ಮೂಲೆಯ ಸೈಟನ್ನೂ "ಏರ್‌ಪೋರ್ಟಿಗೆ ಹತ್ರ" ಎಂದು ತೋರಿಸುತ್ತಾರೆ. ನಿಮಗೂ ಆ ಆಸೆ ಹುಟ್ಟಿಸಿ, ಆಗದ ಬೆಲೆ ಹೇಳಿಸಿ, ಆರು ತಿಂಗಳು ಕಾಯಿಸಿ, ಬೇಸತ್ತ ಮೇಲೆ ಕಡಿಮೆಗೆ ಒಪ್ಪಿಸುವುದು ಒಂದು ಹಳೇ ಪಟ್ಟು.

ಯಾವ ಯಾವ ಕಾಗದ ರೆಡಿ ಇರಬೇಕು?

ದಲ್ಲಾಳಿ ಹುಡುಕುವುದಕ್ಕಿಂತ ಮೊದಲ ಕೆಲಸ ಇದು. ಕಾಗದ ಕೈಯಲ್ಲಿದ್ದವನ ಹತ್ತಿರ ದಲ್ಲಾಳಿಯ ಆಟ ನಡೆಯುವುದಿಲ್ಲ. "ನಿಮ್ಮ ಖಾತೇಲಿ ಪ್ರಾಬ್ಲಮ್ ಇದೆ, ಆದ್ರೂ ನಾನು ಮಾಡಿಸ್ತೀನಿ" ಎಂದು ಹೆದರಿಸಿ ಬೆಲೆ ಇಳಿಸಲು ಅವಕಾಶವೇ ಇರುವುದಿಲ್ಲ.

ನಗರದ ಮನೆಗೆ ಮೊದಲು ಇ-ಖಾತೆ. ಈಗ ಇ-ಖಾತೆ ಇಲ್ಲದೆ ಸ್ಥಿರಾಸ್ತಿಯ ನೋಂದಣಿ ಮುಂದೆ ಹೋಗುವುದಿಲ್ಲ. ಪಾಲಿಕೆಯಲ್ಲಿ ಇ-ಆಸ್ತಿ, ಪಂಚಾಯಿತಿಯಲ್ಲಿ ಇ-ಸ್ವತ್ತು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಈಗಲೇ ತಿದ್ದಿಸಿ. ಆಧಾರಿನಲ್ಲಿ 'ನಾಗರತ್ನ', ಪತ್ರದಲ್ಲಿ 'ನಾಗರತ್ನಮ್ಮ' ಎಂದು ಇದ್ದು ವಾರಗಟ್ಟಲೆ ಅಲೆದವರಿದ್ದಾರೆ. ಆಮೇಲೆ ನಿಮ್ಮ ಕ್ರಯಪತ್ರ, ಅದರ ಹಿಂದಿನ ಪತ್ರಗಳು, ಕಟ್ಟಡದ ಪರವಾನಗಿ ಮತ್ತು ನಕ್ಷೆ, ಇಲ್ಲಿಯವರೆಗಿನ ಕಂದಾಯ ರಸೀದಿ. ಬಡಾವಣೆಯ ಮನೆಯಾದರೆ ಭೂ ಪರಿವರ್ತನೆಯ ಆದೇಶ ಮತ್ತು ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ಬಡಾವಣೆ ನಕ್ಷೆ.

ಇಸಿ, ಅಂದರೆ ಋಣಭಾರ ಪತ್ರವನ್ನು ನೀವೇ ತೆಗೆಸಿ ನೋಡಿ. 2004ರ ಏಪ್ರಿಲ್‌ನಿಂದ ಈಚಿನದ್ದು ಕಾವೇರಿಯಲ್ಲೇ ಬರುತ್ತದೆ, ಹಿಂದಿನದ್ದಕ್ಕೆ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೈಬರಹದ ಪುಸ್ತಕ ಹುಡುಕಿಸಬೇಕು. ಅಪ್ಪ ಯಾವತ್ತೋ ತೀರಿಸಿದ ಸಾಲದ ಅಡಮಾನ ಅಲ್ಲಿ ಇನ್ನೂ ಹಾಗೇ ಕೂತಿರುವುದುಂಟು.

ಕೊನೆಯದಾಗಿ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ. ಹಳೇ ಪತ್ರಗಳಲ್ಲಿ "ಪೂರ್ವಕ್ಕೆ ಹಲಸಿನ ಮರ, ಪಶ್ಚಿಮಕ್ಕೆ ಹಳ್ಳ" ಎಂದಿರುತ್ತದೆ. ಈಗ ಮರವೂ ಇಲ್ಲ, ಹಳ್ಳದ ಮೇಲೆ ರಸ್ತೆಯಾಗಿದೆ. ಈಗಿನ ಅಕ್ಕಪಕ್ಕದವರ ಹೆಸರು, ಸೈಟ್ ನಂಬರು ಬರೆದಿಟ್ಟುಕೊಳ್ಳಿ.

ನಮ್ಮದು ಹಳ್ಳಿ ಮನೆ. ತೀರ್ಥಹಳ್ಳಿ, ಸಾಗರದ ಕಡೆ. ಅದಕ್ಕೂ ಇದೇನಾ?

ಇಷ್ಟೇ ಆಗಿದ್ದರೆ ನಾನು ಇಷ್ಟೊತ್ತಿಗೆ ನಿವೃತ್ತಿಯಾಗಿರುತ್ತಿದ್ದೆ.

ಮಲೆನಾಡಿನಲ್ಲಿ ಮನೆ ಒಂದು ಸರ್ವೆ ನಂಬರಿನಲ್ಲಿ, ಕೊಟ್ಟಿಗೆ ಇನ್ನೊಂದರಲ್ಲಿ, ಬಾವಿ ದಾಯಾದಿಯ ಜಾಗದಲ್ಲಿ ಇರುತ್ತದೆ. ನೂರು ವರ್ಷದಿಂದ ಯಾರೂ ಕೇಳಿಲ್ಲ, ಕೊಳ್ಳುವವನ ವಕೀಲ ಮಾತ್ರ ಕೇಳುತ್ತಾನೆ. ಮೊದಲು ಸರ್ವೆ ಮಾಡಿಸಿ. ಮನೆ ನಿಂತಿರುವುದು ಗ್ರಾಮಠಾಣಾದಲ್ಲಾ (ಊರ ಮನೆಗಳಿಗೆಂದು ಬಿಟ್ಟ ಜಾಗ), ಪಹಣಿ ಇರುವ ಜಮೀನಿನಲ್ಲಾ, ಸರ್ಕಾರಿ ಜಾಗದಲ್ಲಾ? ಮೂರಕ್ಕೂ ದಾರಿ ಬೇರೆ. ಪಹಣಿ ಜಮೀನಾದರೆ 11ನೇ ಕಾಲಂ ನೋಡಿ, ಸೊಸೈಟಿ ಸಾಲ ಅಲ್ಲಿರುತ್ತದೆ.

ಸೊಪ್ಪಿನಬೆಟ್ಟವನ್ನು ಬೆಲೆಗೆ ಸೇರಿಸಿ ಹೇಳಬೇಡಿ. ತೋಟಕ್ಕೆ ಸೊಪ್ಪು ತರುವ ಸವಲತ್ತು ಅದು, ನಿಮ್ಮ ಸ್ವಂತ ಆಸ್ತಿಯಲ್ಲ. "ಮನೆ, ಎರಡೆಕರೆ ತೋಟ, ನಾಲ್ಕೆಕರೆ ಬೆಟ್ಟ" ಎಂದು ಬೆಂಗಳೂರಿನವರಿಗೆ ತೋರಿಸುವ ದಲ್ಲಾಳಿಗಳಿದ್ದಾರೆ. ಪತ್ರ ಬರೆಯುವಾಗ ನಾನು ಬೆಟ್ಟ ಬಿಟ್ಟು ಬರೆದರೆ ಗಲಾಟೆ ಆಗುವುದು ನಿಮಗೆ, ಅವನಿಗಲ್ಲ.

ಸರ್ಕಾರಿ ಜಾಗದಲ್ಲಿ ಕಟ್ಟಿ ಭೂಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮವಾದ ಮನೆ, ಬಗರ್‌ಹುಕುಂ (ಸಾಗುವಳಿ ಮಾಡಿ ಸಕ್ರಮವಾದ ಸರ್ಕಾರಿ) ಜಮೀನು, ದರಖಾಸ್ತು (ಅರ್ಜಿ ಕೊಟ್ಟು ಪಡೆದ) ಮಂಜೂರಾತಿ ಇವಕ್ಕೆಲ್ಲ ಪರಭಾರೆ, ಅಂದರೆ ಇನ್ನೊಬ್ಬರಿಗೆ ವರ್ಗಾವಣೆ, ಮಾಡಬಾರದ ಅವಧಿಯೊಂದು ಇರುತ್ತದೆ. ಹಕ್ಕುಪತ್ರದ ಷರತ್ತುಗಳನ್ನು ಕನ್ನಡಕ ಹಾಕಿಕೊಂಡು ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವೇ ಆಗುವುದಿಲ್ಲ, ಎಷ್ಟು ಕೈ ಬದಲಾಗಿದ್ದರೂ ಸರಿ.

ಶರಾವತಿ ಮುಳುಗಡೆಯವರ ಕಥೆ ಬೇರೆಯೇ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆಮಾರು ಬಿಟ್ಟು ಬಂದವರಿಗೆ ತೋರಿಸಿದ ಜಾಗದಲ್ಲಿ ಎಷ್ಟೋ ಇವತ್ತಿಗೂ ಅರಣ್ಯದ ಲೆಕ್ಕದಲ್ಲೇ ಇದೆ. ಮೂರನೇ ತಲೆಮಾರು ಅಲ್ಲಿ ಬಾಳುತ್ತಿದ್ದರೂ ಮಾರಲು ಕಾಗದವಿಲ್ಲ. "ಸಾವಿರ ರೂಪಾಯಿ ಛಾಪಾ ಕಾಗದದ ಮೇಲೆ ಬರ್ಕೊಡಿ, ಸಾಕು" ಎನ್ನುವ ದಲ್ಲಾಳಿ ಸಿಕ್ಕರೆ ಆ ವ್ಯವಹಾರಕ್ಕೆ ಇಳಿಯಬೇಡಿ. ಅದು ಕೊಳ್ಳುವವನಿಗೂ ಮೋಸ, ನಾಳೆ ಪೊಲೀಸ್ ಠಾಣೆಗೆ ಹೋಗುವವರು ನೀವು.

ದಾರಿ ಒಂದು ಮರೆತಿದ್ದೆ. ಮನೆಗೆ ಹೋಗುವ ದಾರಿ ಬೇರೆಯವರ ಅಡಿಕೆ ತೋಟದೊಳಗಿದ್ದರೆ ಅವರಿಂದ ದಾರಿ ಹಕ್ಕಿನ ಪತ್ರವನ್ನು ಮೊದಲೇ ಮಾಡಿಸಿಕೊಳ್ಳಿ. ನಿಮ್ಮಜ್ಜನಿಗೂ ಅವರಜ್ಜನಿಗೂ ಇದ್ದ ಮಾತು ಹೊಸಬರಿಗೆ ನಡೆಯುವುದಿಲ್ಲ. ಮನೆ ಮಾರಾಟಕ್ಕಿದೆ ಎಂದು ಸುದ್ದಿಯಾದ ಮಾರನೇ ದಿನವೇ ಆ ದಾರಿಗೆ ಬೇಲಿ ಬಿದ್ದದ್ದೂ ಇದೆ.

ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಅಕ್ಕತಂಗಿಯರ ಸಹಿ ಬೇಕಾ? ಅವರಿಗೆ ಮದುವೇಲಿ ಎಲ್ಲಾ ಕೊಟ್ಟಾಗಿದೆ.

ಬೇಕು. ಮದುವೆಯಲ್ಲಿ ಕೊಟ್ಟ ಬಂಗಾರಕ್ಕೂ ಆಸ್ತಿಯ ಪಾಲಿಗೂ ಕಾನೂನಿನಲ್ಲಿ ಸಂಬಂಧವಿಲ್ಲ. ಅಪ್ಪ ಸ್ವಂತ ದುಡಿದು ಕೊಂಡ ಮನೆ, ಉಯಿಲು ಬರೆಯದೆ ಹೋದರು ಎಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಜ್ಜಿ (ಅಪ್ಪನ ತಾಯಿ) ಬದುಕಿದ್ದರೆ ಅವರಿಗೂ ಸಮಪಾಲು. ಪಿತ್ರಾರ್ಜಿತವಾದರೆ ಆ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು. ಆ ಹೊತ್ತಿಗೆ ಅಪ್ಪ ಬದುಕಿರಬೇಕಿತ್ತಾ ಎಂಬ ಗೊಂದಲವನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಬಗೆಹರಿಸಿದೆ: ಬೇಕಿಲ್ಲ.

ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ, ಖಾತೆ ಎಲ್ಲರ ಹೆಸರಿಗೆ ಬರಲಿ. ಆಮೇಲೆ ಎಲ್ಲರೂ ಸೇರಿ ಮಾರಬಹುದು, ಅಥವಾ ಅಕ್ಕತಂಗಿಯರು ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ನೋಂದಾಯಿಸಿ ಕೊಡಬಹುದು. "ವಂಶವೃಕ್ಷದಲ್ಲಿ ತಂಗಿ ಹೆಸರು ಬಿಟ್ಬಿಡೋಣ, ನಾನು ಮಾಡಿಸ್ತೀನಿ" ಎನ್ನುವ ದಲ್ಲಾಳಿಯನ್ನು ಅಲ್ಲೇ ಬಿಡಿ. ಮತ್ತೆ, ತಂಗಿಗೆ ಫೋನ್ ಮಾಡುವುದು ನಿಮ್ಮ ಕೆಲಸ, ಅವನದ್ದಲ್ಲ. ಅಣ್ಣ ಮಾರುತ್ತಿದ್ದಾನೆ ಎಂಬುದು ಬ್ರೋಕರ್ ಬಾಯಿಂದ ಗೊತ್ತಾದ ತಂಗಿ ಸಹಿ ಹಾಕಲು ಎರಡು ವರ್ಷ ತಗೊಂಡದ್ದು ನನಗೆ ಗೊತ್ತು. ದುಡ್ಡಿಗೋಸ್ಕರ ಅಲ್ಲ ಅದು.

ಅಪ್ರಾಪ್ತ ಮಕ್ಕಳ ಪಾಲು ಇದ್ದರೆ ವಕೀಲರನ್ನು ಕಾಣದೆ ಮುಂದೆ ಹೋಗಬೇಡಿ. ಕೋರ್ಟಿನ ಅನುಮತಿ ಬೇಕಾಗಬಹುದು.

ಮನೆ ಮೇಲೆ ಸಾಲ ಇದೆ. ಮಾರಬಹುದಾ?

ಆಗುತ್ತದೆ. ಬ್ಯಾಂಕಿನಿಂದ ಬಾಕಿ ಎಷ್ಟೆಂದು ಪತ್ರ ತಗೊಳ್ಳಿ. ಕೊಳ್ಳುವವರು ಅಷ್ಟನ್ನು ನೇರ ಬ್ಯಾಂಕಿಗೇ ಕಟ್ಟಲಿ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ಮಾಡಿದೆ. ಅಡಮಾನ ನೋಂದಣಿಯಾಗಿದ್ದರೆ ಅದರ ಖುಲಾಸೆಯನ್ನೂ ನೋಂದಾಯಿಸಿ, ಇಸಿಯಲ್ಲಿ ಬಂದಿದೆಯೇ ಎಂದು ನೋಡಿ.

ಅಗ್ರಿಮೆಂಟಿನಲ್ಲಿ ಏನೇನು ನೋಡಬೇಕು?

ಬೆಲೆ, ಮುಂಗಡ, ಗಡುವು, ಸ್ವಾಧೀನ ಯಾವತ್ತು, ತಪ್ಪಿದರೆ ಏನು ಎಂಬುದೆಲ್ಲ ಎಲ್ಲರಿಗೂ ಗೊತ್ತಿರುವುದೇ. ನಾನು ತೋರಿಸಬೇಕೆಂದಿರುವುದು ಒಂದೇ ಒಂದು ಸಾಲು. "ಸದರಿ ಸ್ವತ್ತನ್ನು ತಮಗಾಗಲಿ *ಅಥವಾ ತಾವು ಸೂಚಿಸುವವರಿಗಾಗಲಿ* ಕ್ರಯ ಮಾಡಿಕೊಡತಕ್ಕದ್ದು." ಓದುವಾಗ ಮಾಮೂಲಿ ಅನ್ನಿಸುತ್ತದೆ. ದಲ್ಲಾಳಿ ಅಥವಾ ಅವನ ಭಾಮೈದ ಎರಡು ಲಕ್ಷ ಕೊಟ್ಟು ಈ ಸಾಲಿರುವ ಅಗ್ರಿಮೆಂಟು ಹಾಕಿಕೊಂಡರೆ, ಮುಂದಿನ ಆರು ತಿಂಗಳು ನಿಮ್ಮ ಮನೆ ಅವನ ಸರಕು. ಹೆಚ್ಚಿಗೆ ಬೆಲೆಯ ಗಿರಾಕಿ ಸಿಕ್ಕರೆ ಲಾಭ ಅವನದು, ಸಿಗದಿದ್ದರೆ ಕಾದು ಕೂತವರು ನೀವು. ಈ ಪದಗಳನ್ನು ಪೆನ್ನಿನಲ್ಲಿ ಹೊಡೆದು, ಪಕ್ಕದಲ್ಲಿ ಎರಡೂ ಕಡೆಯವರು ಸಹಿ ಹಾಕಿ.

ಗಡುವು ಮೂರು ತಿಂಗಳಿಗಿಂತ ಹೆಚ್ಚು ಬೇಡ. ಮುಂಗಡ ಹತ್ತನೇ ಒಂದು ಭಾಗವಾದರೂ ಇರಲಿ. ಹನ್ನೊಂದು ಸಾವಿರ ಟೋಕನ್ ಕೊಟ್ಟು ಮನೆ ಹಿಡಿದಿಡುವವರು ಬೇಕಾದಷ್ಟು ಜನ. ಪೂರ್ತಿ ದುಡ್ಡು ಬರುವ ಮುನ್ನ ಬೀಗದ ಕೈ ಕೊಡಬೇಡಿ, "ಒಂದು ಹೋಮ ಮಾಡ್ಕೋತೀವಿ ಅಷ್ಟೆ" ಎಂದರೂ.

"ಜಿಪಿಎ ಕೊಟ್ಬಿಡಿ, ನೀವು ಓಡಾಡೋದೇ ಬೇಡ" ಅಂತಾನೆ.

ಕೊಡಬೇಡಿ. ಜಿಪಿಎ ಅಂದರೆ ನಿಮ್ಮ ಪರವಾಗಿ ಎಲ್ಲ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ. ನೋಂದಾಯಿತ ಕ್ರಯಪತ್ರವಿಲ್ಲದೆ ಬರೀ ಅದರ ಮೇಲೆ ಮಾಡಿದ ಮಾರಾಟದಿಂದ ಮಾಲೀಕತ್ವ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಿಮ್ಮ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಲು ಯಾರಾದರೂ ಬೇಕೇ ಬೇಕಿದ್ದರೆ ಅಣ್ಣತಮ್ಮನೋ ಮಗಳೋ ಆಗಲಿ, ಕಮಿಷನ್ ತಗೊಳ್ಳುವವನಲ್ಲ.

ಮಗ ಅಮೆರಿಕದಲ್ಲಿ, ಮನೆ ಅವನ ಹೆಸರಲ್ಲಿ ಇದ್ದರೆ ಅವನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ ಕಳಿಸಬಹುದು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅನಿವಾಸಿಯ ಮಾರಾಟಕ್ಕೆ ಟಿಡಿಎಸ್ (ಕೊಳ್ಳುವವರು ಮೊದಲೇ ಮುರಿದುಕೊಂಡು ಕಟ್ಟುವ ತೆರಿಗೆ) ಕೂಡ ಬೇರೆ, ಹೆಚ್ಚು. ಆಡಿಟರನ್ನು ಮೊದಲು ಕಾಣಿ.

ಅರ್ಧ ಕ್ಯಾಶ್ ಕೊಡ್ತೀವಿ ಅಂತಾರೆ.

ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವಂತಿಲ್ಲ. ತಗೊಂಡರೆ ಅಷ್ಟೇ ಮೊತ್ತದ ದಂಡ, ಅದೂ *ತಗೊಂಡವರಿಗೆ*, ಅಂದರೆ ನಿಮಗೆ. ಕೊಟ್ಟವನು ಆರಾಮಾಗಿರುತ್ತಾನೆ. ಮೇಲೆ ಹೇಳಿದ ನನ್ನ ಐದು ಲಕ್ಷದ ಕಥೆಯೂ ನಗದು ಇಲ್ಲದಿದ್ದರೆ ನಡೆಯುತ್ತಲೇ ಇರಲಿಲ್ಲ.

ತೆರಿಗೆ ಎಷ್ಟು ಬರುತ್ತೆ?

ಎರಡು ವರ್ಷಕ್ಕಿಂತ ಹೆಚ್ಚು ನಿಮ್ಮದಾಗಿದ್ದ ಮನೆಯ ಲಾಭಕ್ಕೆ ಶೇ 12.5. ಅದನ್ನು 2024ರ ಜುಲೈ 23ಕ್ಕಿಂತ ಮೊದಲು ಕೊಂಡಿದ್ದರೆ, ನೀವು ಇಲ್ಲೇ ವಾಸವಿದ್ದರೆ, ಹಣದುಬ್ಬರ ಸೂಚ್ಯಂಕ ಸೇರಿಸಿ ಶೇ 20 ಲೆಕ್ಕ ಹಾಕಿ ನೋಡುವ ಅವಕಾಶವೂ ಇದೆ, ಯಾವುದು ಕಡಿಮೆಯೋ ಅಷ್ಟು ಕಟ್ಟಿದರಾಯಿತು. 2010-11ರಲ್ಲಿ 15 ಲಕ್ಷಕ್ಕೆ ಕೊಂಡದ್ದನ್ನು 2025-26ರಲ್ಲಿ 60 ಲಕ್ಷಕ್ಕೆ ಮಾರಿದಿರಿ ಎನ್ನಿ. ನೇರ ಲೆಕ್ಕದಲ್ಲಿ ಲಾಭ 45 ಲಕ್ಷ, ತೆರಿಗೆ ಸುಮಾರು 5.63 ಲಕ್ಷ. ಸೂಚ್ಯಂಕ ಕೊಂಡ ವರ್ಷ 167, ಮಾರಿದ ವರ್ಷ 376. ಕೊಂಡ ಬೆಲೆ 33.77 ಲಕ್ಷವಾಗುತ್ತದೆ, ತೆರಿಗೆ ಸುಮಾರು 5.25 ಲಕ್ಷಕ್ಕೆ ಇಳಿಯುತ್ತದೆ, ಸೆಸ್ ಬೇರೆ. 2001ಕ್ಕಿಂತ ಹಿಂದಿನ ಮನೆಯಾದರೆ ಆ ವರ್ಷದ ಏಪ್ರಿಲ್ 1ರ ಪೇಟೆ ಬೆಲೆಯನ್ನೇ ಕೊಂಡ ಬೆಲೆ ಎಂದು ಹಿಡಿಯಬಹುದು.

ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ವಿನಾಯಿತಿ ಇದೆ. ಮಾರಿದ ಆರು ತಿಂಗಳೊಳಗೆ ಗೊತ್ತುಪಡಿಸಿದ ಬಾಂಡುಗಳಲ್ಲಿ 50 ಲಕ್ಷದವರೆಗೆ ತೊಡಗಿಸಬಹುದು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್ ಮುರಿದುಕೊಂಡೇ ಕೊಡುತ್ತಾರೆ, ಅದು ಮೋಸವಲ್ಲ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಕೊಳ್ಳುವವರದು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ, ಅದನ್ನು ನಿಮ್ಮ ಬೆಲೆಯಲ್ಲಿ ಮುರಿಸಲು ನೋಡುತ್ತಾರೆ, ಜಾಗ್ರತೆ.

ಯಾವ ತಿಂಗಳಲ್ಲಿ ಮಾರಾಟಕ್ಕಿಡೋದು ಒಳ್ಳೇದು?

ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮುಂಗಡ ಕೊಡುವವರು ಕಡಿಮೆ. ನಮ್ಮ ಊರಿನ ನಿಜವಾದ ಪಂಚಾಂಗ ಅಡಿಕೆ. ಕೊಯ್ಲು ಮುಗಿದು, ಒಣಗಿಸಿ, ಮಂಡಿಗೆ ಹೋಗಿ ದುಡ್ಡು ಕೈಗೆ ಬರುವುದು ಸಂಕ್ರಾಂತಿ ಕಳೆದ ಮೇಲೆ. ಮಕ್ಕಳ ಓದಿಗೆಂದು ಶಿವಮೊಗ್ಗದಲ್ಲಿ ಮನೆ ಹುಡುಕುವ ತೋಟದವರು ಆಗ ಬರುತ್ತಾರೆ. ಧಾರಣೆ ಚೆನ್ನಾಗಿದ್ದ ವರ್ಷ ಅವರು ಚೌಕಾಸಿಯನ್ನೂ ಅಷ್ಟಾಗಿ ಮಾಡುವುದಿಲ್ಲ.

ಮಳೆಗಾಲದಲ್ಲಿ ಸೋರುತ್ತೆ. ಹೇಳಲೇಬೇಕಾ?

ಹೇಳಬೇಕು. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಿಸದ ದೋಷವನ್ನು ಮಾರುವವನೇ ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ಗೆದ್ದಲು ಹಿಡಿದ ಜಂತಿಗೆ ಬಣ್ಣ ಬಳಿಸುವ ಸಲಹೆ ದಲ್ಲಾಳಿಯಿಂದ ಬರುತ್ತದೆ. ಮಲೆನಾಡಿನವರಿಗೆ ಗೋಡೆಯ ಥಂಡಿ ವಾಸನೆ ಬಾಗಿಲಲ್ಲೇ ಗೊತ್ತಾಗುತ್ತದೆ, ಬಣ್ಣದ ದುಡ್ಡು ದಂಡ. ನದಿ ಪಕ್ಕದ ತಗ್ಗಿನ ಬೀದಿಯಾದರೆ 2019ರ ಆಗಸ್ಟ್‌ನಲ್ಲಿ ತುಂಗೆಯ ನೀರು ಎಲ್ಲಿತನಕ ಬಂದಿತ್ತು ಎಂದು ಕೇಳಿಯೇ ಕೇಳುತ್ತಾರೆ. ನೀವು ಹೇಳದಿದ್ದರೆ ಎದುರು ಅಂಗಡಿಯವನು ಹೇಳುತ್ತಾನೆ.

ದಲ್ಲಾಳಿ ಮೋಸ ಮಾಡಿದ್ರೆ ಯಾರನ್ನ ಕೇಳೋದು?

ರೇರಾ ವ್ಯಾಪ್ತಿಯ ವ್ಯವಹಾರವಾದರೆ ಅಲ್ಲಿ ದೂರು. ಉಳಿದಂತೆ ವಕೀಲರ ನೋಟಿಸು, ವಂಚನೆಯಿದ್ದರೆ ಪೊಲೀಸ್. ಕಮಿಷನ್ನಿನ ಮಾತನ್ನು ಬರೆದಿಟ್ಟಿದ್ದರೆ, ವಾಟ್ಸ್ಆ್ಯಪ್‌ನಲ್ಲಾದರೂ, ಇದಕ್ಕೆಲ್ಲ ಬಲ ಬರುತ್ತದೆ. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಕ್ರಯ ಆದ ಮೇಲೆ ಬಚ್ಚಲು ಹಂಡೆ, ತೂಗುಮಣೆ, ತುಳಸಿಕಟ್ಟೆ ತಗೊಂಡು ಹೋಗಬಹುದಾ?

ನಗಬೇಡಿ, ಇದು ವರ್ಷಕ್ಕೊಮ್ಮೆಯಾದರೂ ಬರುವ ಪ್ರಶ್ನೆ. ನೆಲಕ್ಕೆ, ಗೋಡೆಗೆ ಕಟ್ಟಿ ನಿಲ್ಲಿಸಿದ್ದೆಲ್ಲ ಮನೆಯ ಜೊತೆಗೇ ಹೋಗುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ. ಬೇಕಿದ್ದದ್ದನ್ನು ಅಗ್ರಿಮೆಂಟಿನಲ್ಲೇ ಹೆಸರು ಹಿಡಿದು ಬರೆಸಿ. ಮೆಸ್ಕಾಂ ಮೀಟರು, ನೀರಿನ ಸಂಪರ್ಕದ ಬಾಕಿ ಕಟ್ಟಿ ಹೆಸರು ಬದಲಿಸಲು ಅರ್ಜಿಗೂ ಅದೇ ದಿನ ಸಹಿ ಹಾಕಿಕೊಟ್ಟು ಬನ್ನಿ.

ಒಂದು ಸಲ ಒಲೆಗೆ ಸಿಮೆಂಟು ಹಾಕಿ ಕೂರಿಸಿದ ತಾಮ್ರದ ಹಂಡೆಗಾಗಿ ನೋಂದಣಿ ಅರ್ಧ ದಿನ ನಿಂತಿತ್ತು. ಮಾರುವ ಅಮ್ಮನಿಗೆ ಅದು ತವರಿನದ್ದು. ಕೊಳ್ಳುವವರಿಗೆ ಒಲೆ ಒಡೆಯಲು ಇಷ್ಟವಿಲ್ಲ. ಕೊನೆಗೆ ಕೊಳ್ಳುವವರ ಸೊಸೆ, "ಅಮ್ಮಾ, ಹಂಡೆ ನೀವು ತಗೊಂಡು ಹೋಗಿ, ಒಲೆ ನಾವು ಕಟ್ಟಿಸ್ಕೋತೀವಿ. ಆದ್ರೆ ಬಚ್ಚಲಲ್ಲಿ ಹೊಗೆ ಹೋಗೋಕೆ ಎಲ್ಲಿ ಕಿಂಡಿ ಬಿಟ್ಟಿದೀರಿ ತೋರ್ಸಿಕೊಡ್ಬೇಕು" ಎಂದಳು. ಆ ಮಧ್ಯಾಹ್ನ ಮೂರು ಗಂಟೆಗೆ ಪತ್ರ ಆಯಿತು, ಸಂಜೆ ಇಬ್ಬರೂ ಒಂದೇ ಆಟೋದಲ್ಲಿ ಕಿಂಡಿ ನೋಡಲು ಹೋದರು.